ಪಾಕದ ಹದ

ಪ್ರಿಯ ಗೆಳೆಯ,

ಆಲೆಮನೆಯ ಬಗ್ಗೆ ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ತಪ್ಪು ಹುಡುಕಿದೆ, ಸಿಗಲಿಲ್ಲ. ಅಚ್ಚುಬೆಲ್ಲದ ಪಾಕ ಇಳಿಸುವುದು ಸುಮಾರು 118 ಡಿಗ್ರಿ ಸೆಲ್ಸಿಯಸ್‌ಗೆ ಅಂದಿದ್ದೀಯ, ಸರಿಯೇ. ಹತ್ತು ಕಿಲೊ ಕಬ್ಬಿಗೆ ಒಂದು ಕಿಲೊ ಬೆಲ್ಲ, ಅದೂ ಹೆಚ್ಚುಕಡಿಮೆ ಸರಿ. ಆದರೆ 118 ಯಾಕೆ ಅಂತ ಓದುಗ ಕೇಳಿದರೆ ಏನು ಹೇಳುತ್ತೀಯ?

ನನ್ನ ಹತ್ತಿರವೂ ಉತ್ತರ ಇರಲಿಲ್ಲ ಬಿಡು. ಮೊದಲ ಸಲ ಮಂಡ್ಯ ಕಡೆಯ ಆಲೆಮನೆಗೆ ಹೋದಾಗ ನೋಟ್‌ಬುಕ್ ತುಂಬ ಅಂಕಿ ಗೀಚಿಕೊಂಡು ಬಂದವನು ನಾನು. ಕೊಪ್ಪರಿಗೆಯ ಮುಂದೆ ನಿಂತಿದ್ದ ಅಜ್ಜನ ಹತ್ತಿರ ಥರ್ಮಾಮೀಟರೇ ಇರಲಿಲ್ಲ. ಒಂಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲೇ ಉಂಡೆ ಕಟ್ಟಿ, ಬಟ್ಟಲಿನ ಅಂಚಿಗೆ ಕುಟ್ಟಿದ. ಟಕ್ ಅಂತು. "ಇಳಿಸ್ರೋ" ಅಂದ. ನಾನು ಅದನ್ನೂ ಬರೆದುಕೊಂಡೆ, ಜಾನಪದ ಅಂತ!

ಎಷ್ಟೋ ದಿನದ ಮೇಲೆ ಹೊಳೆಯಿತು. ನೀರು ಆವಿಯಾದಷ್ಟೂ ಪಾಕ ಹೆಚ್ಚು ಬಿಸಿಯಲ್ಲಿ ಕುದಿಯುತ್ತದೆ. ಹಾಗಾಗಿ 118 ಅಂದರೆ ಒಳಗೆ ಎಷ್ಟು ನೀರು ಉಳಿದಿದೆ ಅನ್ನುವ ಲೆಕ್ಕ. ಅಜ್ಜನ ಉಂಡೆ ಹೇಳಿದ್ದೂ ಅದನ್ನೇ. ಇಷ್ಟು ತಿಳಿದ ಮೇಲೆ ಮಲೆನಾಡಿನ ಜೋನಿಬೆಲ್ಲವನ್ನು ಯಾರೂ ವಿವರಿಸಬೇಕಾಗಲಿಲ್ಲ. ಅವರು 105ರ ಆಸುಪಾಸಿನಲ್ಲೇ ಇಳಿಸುತ್ತಾರೆ, ನೀರು ಉಳಿಯುತ್ತದೆ, ಬೆಲ್ಲ ದೋಸೆಯ ಮೇಲೆ ಹರಿಯುತ್ತದೆ.

ಇನ್ನು ಕಡಿದ ಕಬ್ಬನ್ನು ನಾಲ್ಕಾರು ದಿನ ಬಿಸಿಲಿಗೆ ಬಿಟ್ಟು ಆಮೇಲೆ ಅರೆದು ನೋಡು. 118ಕ್ಕೇ ಇಳಿಸಿದರೂ ಬೆಲ್ಲ ನೆಟ್ಟಗೆ ಕಟ್ಟುವುದಿಲ್ಲ, ಕೈಗೆ ಅಂಟುತ್ತದೆ. ಅಷ್ಟರಲ್ಲಿ ಕಬ್ಬಿನ ಸಕ್ಕರೆ, ಅಂದರೆ ಸುಕ್ರೋಸ್, ಒಂದಷ್ಟು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುತ್ತದೆ. ಅವು ಹರಳುಗಟ್ಟಲು ಬಿಡವು. ಅಂಕಿ ನಂಬಿ ಕೂತವನು ಇಲ್ಲಿ ಕಕ್ಕಾಬಿಕ್ಕಿ. ಅಜ್ಜ ಗಾಣದ ಹತ್ತಿರ ಜಲ್ಲೆ ಮೂಸಿ "ಯಾವತ್ತು ಕಡಿದದ್ದೋ ಇದು?" ಅಂತ ಗದರಿದ್ದನ್ನು ನಾನು ಮುದುಕರ ಸಿಡುಕು ಅಂದುಕೊಂಡಿದ್ದೆ.

ಅಂಕಿ ಕಿತ್ತುಹಾಕು ಅನ್ನುತ್ತಿಲ್ಲ. ಹಾಗೆ ಉಪದೇಶ ಮಾಡುವ ಸಾಹಿತಿಗಳನ್ನು ಕಂಡರೆ ನನಗೇ ಆಗದು. ಒಂದೊಂದು ಅಂಕಿಯ ಪಕ್ಕವೂ 'ಇದು ಬದಲಾದರೆ ಏನಾಗುತ್ತದೆ' ಅಂತ ಪೆನ್ಸಿಲ್‌ನಲ್ಲಿ ಬರೆದುಕೋ. ಉತ್ತರ ಹೊಳೆಯದ ಕಡೆ ಮತ್ತೆ ಬಸ್ಸು ಹತ್ತು.

ಮೂರನೇ ಪ್ಯಾರಾದಲ್ಲಿ ಕೊಪ್ಪರಿಗೆ ಉಕ್ಕಿದಾಗ ಹುಡುಗನೊಬ್ಬ ನಾಲ್ಕು ಹನಿ ಹರಳೆಣ್ಣೆ ಚಿಮುಕಿಸಿದ, ನೊರೆ ಕುಸಿಯಿತು ಅಂತ ಬರೆದಿದ್ದೀಯಲ್ಲ, ಯಾಕೆ ಕುಸಿಯಿತು? ಅಲ್ಲಿಂದ ಶುರು ಮಾಡು.

ಇತಿ,
ನಿನ್ನವ