ಡಿಮ್ ಮಾಡಿದ್ರೂ ಕಣ್ಣು ಕುಕ್ಕುವ ಲೈಟು: ಸಾರಿಗೆ ಸಚಿವರಿಗೆ ಕಾಪು ಕಡೆಯವನ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ ನಮಸ್ಕಾರ,

ಮೊದಲೇ ಹೇಳಿಬಿಡ್ತೇನೆ ಸರ್, ಹಳೇ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ಹಾಕ್ಸಿ ಎದುರಿನವರ ಕಣ್ಣು ಕುಕ್ಕುವ ತಪ್ಪು ನಾನೂ ಮಾಡಿದವನೇ. ನನ್ನ ಹಳೇ ಕಾರಿನ ಹ್ಯಾಲೊಜನ್ ಬಲ್ಬ್ ತೆಗ್ಸಿ ಎಲ್‌ಇಡಿ ಹಾಕ್ಸಿದ್ದೆ, ಅಂಗಡಿಯವ ಹತ್ತು ನಿಮಿಷದಲ್ಲಿ ಕೂರಿಸಿ ಕೊಟ್ಟ, ರಾತ್ರಿ ರೋಡ್ ನೋಡಿದ್ರೆ ಹಗಲಿನ ಹಾಗೆ, ಖುಷಿಯೋ ಖುಷಿ. ಒಂದು ವಾರ ಆಗಿರ್ಬೇಕು, ಕಟಪಾಡಿ–ಶಿರ್ವ ರೋಡಲ್ಲಿ ನಾನು ಬೈಕಲ್ಲಿ ಬರ್ತಿದ್ದೆ, ಎದುರಿಂದ ಒಂದು ಕಾರು, ಎಂತದೂ ಕಾಣ್ಲಿಲ್ಲ, ಹಂಪ್ ಹಾರಿ ಬೈಕ್ ಓಲಾಡಿ ಹೇಗೋ ನಿಂತಿತು. ಬೈಲಿಕ್ಕೆ ತಿರುಗಿ ನೋಡಿದ್ರೆ ನಮ್ಮದೇ ಕಾರು, ಅಣ್ಣ ಓಡಿಸ್ತಿದ್ದ. "ಡಿಮ್ಮಲ್ಲೇ ಇತ್ತಲ್ಲ ಮಾರಾಯ" ಅಂದ. ಹೌದು, ಡಿಮ್ಮಲ್ಲೇ ಇತ್ತು.

ಎಲ್‌ಇಡಿಯೇ ಬೇಡ ಅಂತ ಹೇಳುದಲ್ಲ. ಕಂಪನಿಯಿಂದಲೇ ಬಂದ ಎಲ್‌ಇಡಿ ಹೆಡ್‌ಲೈಟ್ ಒಳ್ಳೇದೇ, ಹ್ಯಾಲೊಜನ್ 55 ವ್ಯಾಟ್ ತಿಂದು ಮಾಡುವ ಕೆಲಸ ಅರ್ಧದಷ್ಟರಲ್ಲಿ ಮುಗಿಸ್ತದೆ, ವರ್ಷಗಟ್ಟಲೆ ಬಾಳಿಕೆ ಬರ್ತದೆ. ಹಾಳಾದ್ರೆ ಮಾತ್ರ ಹೆಚ್ಚಾಗಿ ಇಡೀ ಸೆಟ್ಟೇ ಬದಲಿಸ್ಬೇಕು, ಆ ಬಿಲ್ ನೋಡಿದವನಿಗೇ ಗೊತ್ತು.

ತೊಂದರೆ ಇರುದು ಹಳೇ ಹೆಡ್‌ಲೈಟಿಗೆ ಬರೀ ಬಲ್ಬ್ ತುರುಕುದ್ರಲ್ಲಿ. ಒಳಗಿನ ರಿಫ್ಲೆಕ್ಟರ್, ಅಂದ್ರೆ ಬೆಳಕನ್ನು ಮುಂದೆ ತಳ್ಳುವ ಕನ್ನಡಿಯಂಥ ಬಟ್ಟಲು, ಮಾಡಿರುದು ಹ್ಯಾಲೊಜನಿನ ಆ ಸಣ್ಣ ತಂತಿ ಎಲ್ಲಿ ಉರಿಯುತ್ತೋ ಆ ಜಾಗದ ಲೆಕ್ಕಕ್ಕೆ. ತಂತಿ ಸುತ್ತಲೂ ಬೆಳಕು ಬಿಡ್ತದೆ, ಎಲ್‌ಇಡಿ ಚಿಪ್ ಇರುದು ಎರಡು ಬದಿಗೆ, ಮಿಲಿಮೀಟರ್ ಆಚೀಚೆ ಆದ್ರೂ ಸಾಕು, ರೋಡಿಗೆ ಬೀಳ್ಬೇಕಾದ ಬೆಳಕು ಎದುರಿನವನ ಮುಖಕ್ಕೆ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹತ್ತಿ ನೋಡಿ, ಮೇಲಕ್ಕೆ ಹೋದ ಬೆಳಕೆಲ್ಲ ಮಂಜಿಗೆ ಬಡಿದು ಬಿಳಿ ಬಟ್ಟೆ ಕಟ್ಟಿದ ಹಾಗೆ, ಹಾಕಿಸಿದವನಿಗೇ ದಾರಿ ಕಾಣುದಿಲ್ಲ.

2024ರ ಜುಲೈಯಿಂದ ಪೊಲೀಸರು ಇಂಥ ಲೈಟಿಗೆ ಕೇಸ್ ಹಾಕ್ಲಿಕ್ಕೆ ಶುರು ಮಾಡಿದ್ರು, ಒಳ್ಳೇದಾಯ್ತು. ಆದ್ರೆ ರಾತ್ರಿ ರೋಡ್ ಬದಿ ನಿಂತು ಎಷ್ಟು ಗಾಡಿ ಹಿಡಿಯುದು? ಲಾರಿ ಟ್ಯಾಕ್ಸಿಗಾದ್ರೆ ಆಗಾಗ ಎಫ್‌ಸಿ (ಗಾಡಿ ಓಡಿಸ್ಲಿಕ್ಕೆ ಸರಿ ಉಂಟಾ ಅಂತ ನೋಡುವ ತಪಾಸಣೆ) ಉಂಟು, ಸ್ವಂತ ಕಾರಿಗೆ 15 ವರ್ಷ ಆಗುವವರೆಗೆ ಅದೂ ಇಲ್ಲ. ಹೊಗೆ ಟೆಸ್ಟಿಗೆ ಎಲ್ಲರೂ ಹೋಗ್ಲೇಬೇಕಲ್ಲ, ಅಲ್ಲೇ ಡಿಮ್ ಹಾಕಿ ಗೋಡೆಗೆ ಬೆಳಕು ಬಿಟ್ಟು ನೋಡ್ಲಿ ಸರ್, ಗೋಡೆಯಲ್ಲಿ ಎಳೆದ ಗೆರೆಯಿಂದ ಮೇಲೆ ಹೋದ್ರೆ ಸರ್ಟಿಫಿಕೇಟ್ ಬೇಡ. ಎರಡು ನಿಮಿಷದ ಕೆಲಸ.

ಮತ್ತೆ ಮಾರುವವರನ್ನೂ ಸ್ವಲ್ಪ ಕೇಳಿ. ನಾನು ಆ ಎಲ್‌ಇಡಿ ಬಲ್ಬ್ ತೆಗ್ಸಿ ವಾಪಸ್ ಕೊಡ್ಲಿಕ್ಕೆ ಹೋದಾಗ ಅಂಗಡಿಯವ ತಗೊಳ್ಲಿಲ್ಲ, "ಬೈಕಿಗೆ ಹಾಕಿ ಕೊಡ್ಲಾ?" ಅಂತ ಕೇಳಿದ.

ಇಂತಿ,
ಕಾಪು ಕಡೆಯ ಒಬ್ಬ ಕಾರಿನವ, ಬೈಕಿನವನೂ ಹೌದು