6174 ಕಂಡುಹಿಡಿದ ಶಾಲಾ ಮೇಷ್ಟ್ರು

ಸಂಪಾದಕರೇ,

ಗಣಿತ ಅಂದ ಕೂಡಲೇ ನಮ್ಮ ಪತ್ರಿಕೆಗಳಲ್ಲಿ ರಾಮಾನುಜನ್ ಬಗ್ಗೆ ಲೇಖನ ಬರುತ್ತದೆ. ಬರಲಿ, ಬೇಡ ಅನ್ನಲ್ಲ. ಆದರೆ ಡಿ. ಆರ್. ಕಾಪ್ರೇಕರ್ ಅವರ ಬಗ್ಗೆಯೂ ಬರೆಸಿ.

1905ರಲ್ಲಿ ಮಹಾರಾಷ್ಟ್ರದ ಡಹಾಣುವಿನಲ್ಲಿ ಹುಟ್ಟಿದವರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು. ಬಿಎಸ್ಸಿ ಆದಮೇಲೆ ಮುಂದಕ್ಕೆ ಓದಲಿಲ್ಲ, ನಾಸಿಕ್ ಪಕ್ಕದ ದೇವಳಾಲಿಯಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಶಾಲಾ ಮೇಷ್ಟ್ರಾಗಿದ್ದುಕೊಂಡೇ ಅಂಕಿಗಳ ಜೊತೆ ಬದುಕಿದರು.

ಅವರು ಕಂಡದ್ದನ್ನು ನೋಡಿ. 3524 ತಗೊಳ್ಳಿ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು ಏರಿಕೆ ಕ್ರಮದ್ದನ್ನು ಕಳೆಯಿರಿ: 5432ರಲ್ಲಿ 2345 ಹೋದರೆ 3087. ಮತ್ತೆ ಹಾಗೇ ಮಾಡಿ, 8730ರಲ್ಲಿ 0378 ಹೋದರೆ 8352. ಇನ್ನೊಮ್ಮೆ, 8532ರಲ್ಲಿ 2358 ಹೋದರೆ 6174. ಆಮೇಲೆ ಎಷ್ಟು ಕಳೆದರೂ 6174ಕ್ಕೇ ಬಂದು ನಿಲ್ಲುತ್ತದೆ! ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೆ, ಬೇರೆ ಯಾವ ನಾಲ್ಕಂಕಿ ಸಂಖ್ಯೆಯಾದರೂ ಏಳು ಸಲದೊಳಗೆ ಇಲ್ಲಿಗೇ ಬರುತ್ತದೆ. ಕಳೆದ ವಾರ ನನ್ನ ಮೊಮ್ಮಗಳು ಮೊಬೈಲ್ ಪಕ್ಕಕ್ಕಿಟ್ಟು ಎರಡು ಹಾಳೆ ತುಂಬಾ ಇದನ್ನೇ ಮಾಡಿದಳು.

ಕಾಪ್ರೇಕರ್ ಬದುಕಿದ್ದಾಗ ಅವರ ಕೆಲಸವನ್ನು ಇಲ್ಲಿ ಹಲವರು ಸುಮ್ನೆ ಆಟ ಅಂದುಕೊಂಡರು. 1975ರಲ್ಲಿ ಗಣಿತದ ಆಟಗಳ ಅಂಕಣಕಾರ ಮಾರ್ಟಿನ್ ಗಾರ್ಡ್ನರ್ ಅಮೆರಿಕದ ಪತ್ರಿಕೆಯಲ್ಲಿ ಬರೆದ ಮೇಲೆ ಹೊರದೇಶದಲ್ಲೂ ಹೆಸರಾಯಿತು. ಬೇಜಾರಾಗುತ್ತದೆ, ಅಲ್ವಾ? 1986ರಲ್ಲಿ ತೀರಿಕೊಂಡರು.

ನಿಮ್ಮ ಮಕ್ಕಳ ಪುಟದಲ್ಲಿ ಈ ಲೆಕ್ಕವನ್ನೊಮ್ಮೆ ಹಾಕಿ, ಜೊತೆಗೆ ಅವರ ಫೋಟೊ ಇರಲಿ.

– ನಿವೃತ್ತ ಗಣಿತ ಶಿಕ್ಷಕ, ಧಾರವಾಡ