ದ್ವೀಪದ ಬಿಲ್ ಬೇರೆ ಎಂದು ಕನ್ನಡದಲ್ಲೇ ಹೇಳಲಿ

ಸಂಪಾದಕರಿಗೆ,

ದರ್ಶಿನಿಯ ಬೋರ್ಡಿನಲ್ಲಿ ‘ಫುಲ್ ಮೀಲ್ಸ್’ ಎಂದು ಬರೆದ ಕೆಳಗೇ ‘ಮೊಸರು ಬೇರೆ, ಎಕ್ಸ್‌ಟ್ರಾ ಪೂರಿ ಬೇರೆ’ ಎಂದು ಅದೇ ಬಣ್ಣದಲ್ಲಿ, ಅದೇ ಕನ್ನಡದಲ್ಲಿ ಬರೆದಿರುತ್ತಾರೆ. ತಟ್ಟೆ ಮುಂದೆ ಬಂದ ಮೇಲೆ ಜಗಳವಿಲ್ಲ. ‘ಊಟ, ಪಾನೀಯ, ಮನರಂಜನೆ ಎಲ್ಲವೂ ಸೇರಿ’ ಎಂದು ಲಕ್ಷಗಟ್ಟಲೆ ರೂಪಾಯಿಗೆ ಮಾರುವ ಬಹಾಮಾಸ್ ಕ್ರೂಸ್ ಪ್ಯಾಕೇಜ್‌ಗಳಲ್ಲಿ ಅಂಥದ್ದೊಂದು ಸಾಲು ಹುಡುಕಿದರೂ ಸಿಗುವುದು ಕಷ್ಟ. ಸಿಕ್ಕರೂ ನಕ್ಷತ್ರದ ಗುರುತಿನಡಿ, ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಬಿಟ್ಟುಹೋದ ಆ ಸಾಲು ಯಾವುದು ಎಂಬುದಕ್ಕೇ ಈ ಪತ್ರ: ಹಡಗಿನಲ್ಲಿ ಸೇರಿದ್ದೆಲ್ಲ ಹಡಗು ನಿಲ್ಲುವ ಖಾಸಗಿ ದ್ವೀಪದಲ್ಲೂ ಸೇರಿರುತ್ತದೆ ಎಂಬ ಖಾತ್ರಿಯಿಲ್ಲ.

ಬೆಂಗಳೂರಿನಿಂದ ಅಮೆರಿಕ ಪ್ರವಾಸಕ್ಕೆ ಹೋಗುವವರಿಗೆ ಮಾತ್ರವಲ್ಲ, ಅಲ್ಲಿರುವ ಮಕ್ಕಳು ಟಿಕೆಟ್ ಮಾಡಿಸಿ ಮಯಾಮಿ, ಪೋರ್ಟ್ ಕ್ಯಾನವೆರಲ್ ಅಥವಾ ಗಾಲ್ವೆಸ್ಟನ್ ಬಂದರಿನಿಂದ ಹಡಗು ಹತ್ತಿಸುವ ತಂದೆ–ತಾಯಿಯರಿಗೂ ಈ ವಿಷಯ ಸಂಬಂಧಿಸಿದ್ದು.

ಮೊದಲಿಗೆ, ಈ ದ್ವೀಪಗಳು ಯಾಕಿವೆ? ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವ ದೊಡ್ಡ ಕ್ರೂಸ್ ಹಡಗುಗಳ ಮೇಲೆ ಹಾರುವುದು ಬಹಾಮಾಸ್, ಪನಾಮದಂಥ ದೇಶಗಳ ಬಾವುಟ. 1886ರ ಅಮೆರಿಕದ ಕಾಯ್ದೆಯೊಂದರಿಂದಾಗಿ ಇಂಥ ಹಡಗು ನಡುವೆ ಒಂದು ವಿದೇಶಿ ಬಂದರನ್ನಾದರೂ ಮುಟ್ಟಲೇಬೇಕು. ಫ್ಲಾರಿಡಾದಿಂದ ಒಂದು ರಾತ್ರಿಯ ದೂರದಲ್ಲಿರುವ ಬಹಾಮಾಸ್ ದ್ವೀಪಗಳು ಈ ಶಾಸ್ತ್ರಕ್ಕೆ ಹೇಳಿ ಮಾಡಿಸಿದಂತಿವೆ. ಆದರೆ ರಾಜಧಾನಿ ನಸ್ಸೌದಲ್ಲಿ ಇಳಿದ ಪ್ರಯಾಣಿಕ ಊರಿನ ಟ್ಯಾಕ್ಸಿಗೂ ಅಂಗಡಿಗೂ ದುಡ್ಡು ಕೊಡುತ್ತಾನೆ. ಕಂಪನಿಯೇ ಕೊಂಡ ಅಥವಾ ಗುತ್ತಿಗೆಗೆ ಪಡೆದ ದ್ವೀಪದಲ್ಲಿ ಇಳಿದರೆ ಎಳನೀರಿನಿಂದ ಹಿಡಿದು ಕೊಡೆಯವರೆಗೆ ಬಹುತೇಕ ಎಲ್ಲದರ ದುಡ್ಡೂ ಅದೇ ಹಡಗಿನ ಖಾತೆಗೆ. ನಾರ್ವೇಜಿಯನ್ ಕ್ರೂಸ್ ಲೈನ್ ಕಂಪನಿ 1977ರಲ್ಲಿ ಬಹಾಮಾಸ್‌ನ ಬೆರಿ ದ್ವೀಪಸಮೂಹದ ಗ್ರೇಟ್ ಸ್ಟಿರಪ್ ಕೀ ಕೊಂಡು ಈ ದಾರಿ ತೋರಿಸಿತು. (‘ಕೀ’ ಎಂದರೆ ಅಲ್ಲಿನವರ ಬಾಯಲ್ಲಿ ಸಣ್ಣ, ತಗ್ಗಿನ ದ್ವೀಪ, ಬೀಗದ ಕೀಲಿಗೂ ಅದಕ್ಕೂ ನಂಟಿಲ್ಲ.) ಈಗ ದೊಡ್ಡ ಕಂಪನಿಗಳಿಗೆಲ್ಲ ತಮ್ಮದೇ ದ್ವೀಪ ಅಥವಾ ಕಡಲತೀರ ಇದೆ.

ನಿಯಮ ಮಾತ್ರ ದ್ವೀಪಕ್ಕೊಂದು. ನಾರ್ವೇಜಿಯನ್ ಕಂಪನಿಯದೇ ಎರಡು ತಾಣ ನೋಡಿ. 2016ರಲ್ಲಿ ಬೆಲೀಜ್ ಕರಾವಳಿಯಲ್ಲಿ ತೆರೆದ ಹಾರ್ವೆಸ್ಟ್ ಕೀಯಲ್ಲಿ ಹಡಗಿನ ಪಾನೀಯ ಪ್ಯಾಕೇಜ್ (ದಿನದ ಲೆಕ್ಕದಲ್ಲಿ ಮೊದಲೇ ಕೊಂಡು ಬೇಕಾದ್ದು ಕುಡಿಯುವ ಏರ್ಪಾಡು) ನಡೆಯುವುದಿಲ್ಲ, ಊಟಕ್ಕೂ ದುಡ್ಡು ಕೊಡಬೇಕು. ಗ್ರೇಟ್ ಸ್ಟಿರಪ್ ಕೀಯಲ್ಲಿ ಊಟ ಬಿಟ್ಟಿ. ಪಾನೀಯ ಪ್ಯಾಕೇಜೂ ಅಲ್ಲಿ ನಡೆಯುತ್ತಿತ್ತು. 2025ರಲ್ಲಿ ಕಂಪನಿ ಹೊಸ ಪ್ರಕಟಣೆ ಹೊರಡಿಸಿತು: 2026ರ ಮಾರ್ಚ್ 1ರಿಂದ ಅನ್‌ಲಿಮಿಟೆಡ್ ಪಾನೀಯ ಪ್ಯಾಕೇಜ್ ಆ ದ್ವೀಪಕ್ಕೆ ಅನ್ವಯಿಸದು. ಹಡಗು ತಾಗಿ ನಿಲ್ಲಲು ಹೊಸ ಕಟ್ಟೆ, ದೊಡ್ಡ ಈಜುಕೊಳ, ವಾಟರ್ ಪಾರ್ಕ್ ಎಂದು ದ್ವೀಪವನ್ನು ಹಿಗ್ಗಿಸುತ್ತಿರುವ ಹೊತ್ತಿನಲ್ಲೇ ಬಂದ ಮಾತಿದು. ಹಾಕಿದ ಬಂಡವಾಳ ಎಲ್ಲಿಂದ ಹಿಂದಿರುಗಬೇಕು ಎಂದು ಬಿಡಿಸಿ ಹೇಳಬೇಕಿಲ್ಲ. ಇಂಥ ನಿಯಮ ವರ್ಷದೊಳಗೇ ಆಚೀಚೆ ಆಗಬಹುದಾದ್ದರಿಂದ ಹಣ ಕಟ್ಟುವ ದಿನ ಒಮ್ಮೆ, ಹೊರಡುವ ವಾರ ಒಮ್ಮೆ ಕಂಪನಿಯ ಪುಟದಲ್ಲೇ ನೋಡಬೇಕು. ಏಜೆಂಟರ ಹಳೆಯ ಕರಪತ್ರ ನಂಬುವಂಥದ್ದಲ್ಲ.

ಗ್ರೇಟ್ ಸ್ಟಿರಪ್ ಕೀಯ ಪಕ್ಕದ ದ್ವೀಪವೇ ರಾಯಲ್ ಕೆರಿಬಿಯನ್ ಕಂಪನಿಯ ಕೊಕೊಕೀ. 2019ರಲ್ಲಿ 25 ಕೋಟಿ ಡಾಲರ್ ಸುರಿದು ಅದನ್ನು ‘ಪರ್ಫೆಕ್ಟ್ ಡೇ’ ಎಂಬ ಹೆಸರಿನಲ್ಲಿ ಹೊಸದಾಗಿ ತೆರೆದರು. ಇಲ್ಲಿ ಲೆಕ್ಕ ತಿರುವುಮುರುವು. ಹಡಗಿನ ಪಾನೀಯ ಪ್ಯಾಕೇಜ್ ದ್ವೀಪದಲ್ಲೂ ನಡೆಯುತ್ತದೆ. ತೀರದ ಕುರ್ಚಿ, ದೊಡ್ಡ ಈಜುಕೊಳ, ಚಿಕ್ಕ ಮಕ್ಕಳ ನೀರಾಟದ ಜಾಗ, ಓಡಾಡಲು ಟ್ರಾಮ್, ಚಿಲ್ ಗ್ರಿಲ್ ಮತ್ತು ಸ್ನ್ಯಾಕ್ ಶ್ಯಾಕ್‌ನ ತಿಂಡಿ ಎಲ್ಲ ಬಿಟ್ಟಿ. ಆದರೆ ಜಾಹೀರಾತಿನ ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳುವ 135 ಅಡಿ ಎತ್ತರದ ಜಾರುಬಂಡೆ, ಮೇಲೇರುವ ಹೀಲಿಯಂ ಬಲೂನು, ಜಿಪ್‌ಲೈನ್, ಕೊಕೊ ಬೀಚ್ ಕ್ಲಬ್, ದೊಡ್ಡವರಿಗೆಂದೇ 2024ರಲ್ಲಿ ತೆರೆದ ಹೈಡ್‌ಅವೇ ಬೀಚ್ ಎಲ್ಲಕ್ಕೂ ಬೇರೆ ಬೇರೆ ಟಿಕೆಟ್. ಚಿತ್ರದಲ್ಲಿರುವುದಕ್ಕೆಲ್ಲ ದುಡ್ಡು, ಚಿತ್ರದಾಚೆ ಇರುವುದು ಬಿಟ್ಟಿ ಎಂದರೂ ನಡೆದೀತು.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ಎಂಎಸ್‌ಸಿ ಕಂಪನಿಯ ಓಷನ್ ಕೀ ಹಿಂದೆ ಮರಳು ತೆಗೆಯುತ್ತಿದ್ದ ಜಾಗ, 2019ರಲ್ಲಿ ಪ್ರವಾಸಿಗರಿಗೆ ತೆರೆಯಿತು. ಹಡಗಿನ ಪಾನೀಯ ಪ್ಯಾಕೇಜ್ ಅಲ್ಲಿ ನಡೆಯುತ್ತದೆ. ಡಿಸ್ನಿಯ ಕ್ಯಾಸ್ಟ್‌ಅವೇ ಕೀಯಲ್ಲಿ ಊಟ, ತಂಪು ಪಾನೀಯ ಸೇರಿವೆ, ಮದ್ಯಕ್ಕೆ ದುಡ್ಡು. ಕಾರ್ನಿವಲ್ ಕಂಪನಿ 2025ರ ಜುಲೈನಲ್ಲಿ ಗ್ರ್ಯಾಂಡ್ ಬಹಾಮಾ ದ್ವೀಪದಲ್ಲಿ ತೆರೆದ ಸೆಲೆಬ್ರೇಷನ್ ಕೀಯಲ್ಲಿ ತಲೆಗೊಂದೇ ಊಟ ಬಿಟ್ಟಿ. ಬೆಳಗ್ಗೆ ಇಳಿದು ಸಂಜೆಯವರೆಗೆ ಇರುವ ಮಕ್ಕಳಿಗೆ ಎರಡನೇ ಸಲ ಹಸಿವಾದರೆ ಕಾರ್ಡ್ ಹೊರಗೆ ತೆಗೆಯಬೇಕು.

‘ಬಿಟ್ಟಿ’ ಎಂಬ ಪದವನ್ನೂ ಸ್ವಲ್ಪ ಬಿಚ್ಚಿ ನೋಡಬೇಕು. ನಾರ್ವೇಜಿಯನ್‌ನಲ್ಲಿ ಟಿಕೆಟ್ ಜೊತೆಗೆ ‘ಉಚಿತ’ವಾಗಿ ಕೊಡುವ ಪಾನೀಯ ಪ್ಯಾಕೇಜ್‌ನ ಮುಖಬೆಲೆಯ ಮೇಲೆ ಶೇ 20ರಷ್ಟು ಟಿಪ್ಸ್ ವಸೂಲಾಗುತ್ತದೆ. ಮುಖಬೆಲೆ ದಿನಕ್ಕೆ 109 ಡಾಲರ್ ಎಂದಿಟ್ಟರೆ ಟಿಪ್ಸ್ 21.80 ಡಾಲರ್, ಏಳು ರಾತ್ರಿಗೆ 152.60; ಗಂಡ–ಹೆಂಡತಿ ಇಬ್ಬರಿಗೆ 305.20. ದ್ವೀಪದಲ್ಲಿ ಪ್ಯಾಕೇಜ್ ನಡೆಯದಿದ್ದರೂ ಆ ದಿನದ ಟಿಪ್ಸ್ ಲೆಕ್ಕದಿಂದ ಕಳೆದುಹೋಗುತ್ತದೆ ಎಂದುಕೊಳ್ಳಬೇಡಿ. ಈಗ ದ್ವೀಪದ ಬಾರ್‌ಗೆ ಬನ್ನಿ. ಬೋರ್ಡಿನಲ್ಲಿ 15 ಡಾಲರ್ ಎಂದಿರುವ ಒಂದು ಗ್ಲಾಸಿಗೆ ಶೇ 20ರ ಟಿಪ್ಸ್ 3 ಡಾಲರ್. ಬಹಾಮಾಸ್‌ನ ಮೌಲ್ಯವರ್ಧಿತ ತೆರಿಗೆ 2022ರಿಂದ ಶೇ 10; ಅದೂ ಬಿದ್ದರೆ ಇನ್ನೊಂದೂವರೆ ಡಾಲರ್. ಒಟ್ಟು 19.50. ಇಬ್ಬರು ಎರಡೆರಡು ಗ್ಲಾಸ್ ಕುಡಿದರೆ 78 ಡಾಲರ್. ಡಾಲರ್‌ಗೆ 90 ರೂಪಾಯಿ ಎಂದರೆ 7,020 ರೂಪಾಯಿ. ಭಾರತದ ಕ್ರೆಡಿಟ್ ಕಾರ್ಡ್‌ಗೆ ಶೇ 3.5ರ ವಿದೇಶಿ ವಿನಿಮಯ ಶುಲ್ಕ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಇದ್ದರೆ ಮತ್ತೆ 290 ರೂಪಾಯಿ. ನಾಲ್ಕು ಗ್ಲಾಸಿಗೆ 7,300 ದಾಟಿತು, ಅದೂ ‘ಪಾನೀಯ ಸೇರಿದ’ ಪ್ರವಾಸದಲ್ಲಿ.

ಮದ್ಯ ಮುಟ್ಟದವರು ಇದು ತಮಗೆ ಸಂಬಂಧವಿಲ್ಲ ಎಂದುಕೊಳ್ಳಬಹುದು. ಇದೆ. ರಾಯಲ್ ಕೆರಿಬಿಯನ್‌ನಲ್ಲಿ ಒಂದು ಕೋಣೆಯ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಅದೇ ಕೋಣೆಯ ಉಳಿದ ವಯಸ್ಕರೂ ಕೊಳ್ಳಬೇಕೆಂಬುದು ಸಾಮಾನ್ಯ ನಿಯಮ. ಮಗ ಕುಡಿಯುತ್ತಾನೆಂದು ಕಾಫಿ ಬಿಟ್ಟು ಬೇರೇನೂ ಕುಡಿಯದ ಅಪ್ಪನ ಹೆಸರಲ್ಲೂ ಪ್ಯಾಕೇಜ್ ಬೀಳುತ್ತದೆ. ಇಂಥ ಮನೆಯವರು ಕೋಣೆ ಹಂಚಿಕೊಳ್ಳುವಾಗಲೇ ಇದನ್ನು ಯೋಚಿಸಬೇಕು.

ಕೊಕೊಕೀಯ ವಾಟರ್ ಪಾರ್ಕ್ ಟಿಕೆಟ್‌ಗೆ ನಿಗದಿತ ದರವಿಲ್ಲ. ವಿಮಾನದ ಟಿಕೆಟ್‌ನಂತೆ ಹಡಗು, ದಿನ, ಬೇಡಿಕೆ ನೋಡಿ ಏರಿಳಿಯುತ್ತದೆ. ತಲೆಗೆ 100 ಡಾಲರ್ ದಾಟುವುದು ಸಾಮಾನ್ಯ. 120 ಡಾಲರ್ ಎಂದರೂ ನಾಲ್ವರ ಕುಟುಂಬಕ್ಕೆ 480 ಡಾಲರ್, ಅಂದರೆ 43,000 ರೂಪಾಯಿ ಮೇಲಾಯಿತು. ಹೊರಡುವ ಮುಂಚೆ ಕಂಪನಿಯ ಆ್ಯಪ್‌ನಲ್ಲಿ ಕೊಂಡರೆ ಹಡಗಿನಲ್ಲಿ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ. ಕೊಂಡ ಮೇಲೂ ವಾರಕ್ಕೊಮ್ಮೆ ದರ ನೋಡುತ್ತಿರಿ. ಇಳಿದಿದ್ದರೆ ಹಳೆಯದನ್ನು ರದ್ದು ಮಾಡಿ ಹೊಸ ದರಕ್ಕೆ ಕೊಳ್ಳಬಹುದು. ಹಡಗು ಹೊರಡುವ ಮುಂಚಿನ ಗಡುವು ಮೀರಬಾರದು ಅಷ್ಟೆ. ಮಕ್ಕಳ ಎತ್ತರವನ್ನು ಮನೆಯಲ್ಲೇ ಅಳೆಯಿರಿ. ಆ 135 ಅಡಿಯ ಜಾರುಬಂಡೆಗೆ 48 ಇಂಚು ಎತ್ತರವಿರಬೇಕು. 45 ಇಂಚಿನ ಮಗುವಿಗೆ ಪೂರ್ತಿ ಟಿಕೆಟ್ ಕೊಂಡು ಮೆಟ್ಟಿಲ ಬುಡದಿಂದ ಅಳಿಸಿಕೊಂಡು ವಾಪಸ್ ಕರೆತರುವುದಕ್ಕಿಂತ ಪಕ್ಕದ ಬಿಟ್ಟಿ ನೀರಾಟವೇ ವಾಸಿ.

ಖರ್ಚು ತಗ್ಗಿಸುವ ಉಪಾಯಗಳಲ್ಲಿ ಎಲ್ಲಕ್ಕಿಂತ ಸುಲಭದ್ದು ಹಡಗಿಗೇ ಮರಳುವುದು. ಹಡಗು ಕಟ್ಟೆಗೆ ತಾಗಿ ನಿಂತಿದ್ದರೆ ಹಡಗಿನವರು ಕೊಟ್ಟ ಕಾರ್ಡ್ ತೋರಿಸಿ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಅಲ್ಲಿ ಬಫೆ ಇದೆ, ಪ್ಯಾಕೇಜ್ ಪೂರ್ತಿ ನಡೆಯುತ್ತದೆ, ಎಲ್ಲರೂ ದ್ವೀಪಕ್ಕೆ ಹೋಗಿರುವುದರಿಂದ ಈಜುಕೊಳವೂ ಖಾಲಿ. ಹಡಗು ಕಡಲಲ್ಲೇ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಇಳಿಸುವ ಕಡೆ ಇದು ಸಾಗದು, ದೋಣಿಯ ಸರದಿಯಲ್ಲೇ ಗಂಟೆ ಕಳೆಯುತ್ತದೆ. ಆದ್ದರಿಂದ ‘ಕಟ್ಟೆಯೋ ದೋಣಿಯೋ’ ಎಂದು ಮೊದಲೇ ಕೇಳಿಡಿ.

ನೀರಿನ ಬಾಟಲಿ ಹಡಗಿನಲ್ಲೇ ತುಂಬಿಕೊಳ್ಳಿ. ಮಾಡಿದ ಅಡುಗೆ, ಹಣ್ಣು ಇಳಿಸಲು ಬಿಡುವುದಿಲ್ಲ. ಸೀಲ್ ಒಡೆಯದ ಪೊಟ್ಟಣದ ತಿಂಡಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಚಕ್ಕುಲಿ, ಖಾರಾಬೂಂದಿ ಅಂಗಡಿಯ ಪೊಟ್ಟಣದಲ್ಲೇ ಇರಲಿ. ದ್ವೀಪದ ಬಿಟ್ಟಿ ಊಟವೆಂದರೆ ಮುಖ್ಯವಾಗಿ ಬರ್ಗರ್, ಸುಟ್ಟ ಕೋಳಿ, ಹಾಟ್‌ಡಾಗ್. ಸಸ್ಯಾಹಾರಿಗಳ ಪಾಲಿಗೆ ವೆಜ್ ಬರ್ಗರ್, ಸಲಾಡ್, ಹಣ್ಣು. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಹಡಗಿನ ಊಟದ ಮೇಲ್ವಿಚಾರಕರಿಗೆ ಹಿಂದಿನ ದಿನವೇ ಹೇಳಬೇಕು. ಟವೆಲ್ ಹಡಗಿನದೇ ಸಿಗುತ್ತದೆ, ಕಳೆದರೆ ಒಂದಕ್ಕೆ 25 ಡಾಲರ್ ತೆರಬೇಕಾದ ಹಡಗುಗಳಿವೆ. ಕೊಡೆ, ತೇಲುವ ಹಾಸು, ಸ್ನಾರ್ಕೆಲ್, ಲಾಕರ್ ಇವಕ್ಕೆ ಬಾಡಿಗೆ ಇದೆಯೇ ಎಂದು ನೋಡಿ. ದಿನವಿಡೀ ಬಿಸಿಲಲ್ಲಿ ಕೂರುವವರಿಗೆ ನೆರಳೇ ದುಬಾರಿಯಾಗುವುದುಂಟು.

ಹಣ ಪಾವತಿಯ ತೊಡಕು ಇನ್ನೊಂದು. ದ್ವೀಪದಲ್ಲಿ ನಗದು ನಡೆಯುವುದು ಸ್ಥಳೀಯರ ಕರಕುಶಲ ಅಂಗಡಿಗಳಲ್ಲಿ, ಅಲ್ಲಿ ಅಮೆರಿಕದ ಡಾಲರ್ ಸಾಕು. ಉಳಿದೆಡೆ ಹಡಗಿನ ಕಾರ್ಡೇ ನಾಣ್ಯ. ಮಕ್ಕಳ ಕೈಯಲ್ಲಿರುವ ಕಾರ್ಡೂ ಅದೇ ಖಾತೆಗೆ ಜೋಡಣೆಯಾಗಿರುತ್ತದೆ. ಹತ್ತಿದ ದಿನವೇ ಹಡಗಿನ ಸೇವಾ ಕೌಂಟರ್‌ನಲ್ಲಿ ಖರೀದಿ ಸೌಲಭ್ಯ ನಿಲ್ಲಿಸುವಂತೆ ಕೇಳಬಹುದು. ಖಾತೆಗೆ ಫೋರೆಕ್ಸ್ ಅಥವಾ ಡೆಬಿಟ್ ಕಾರ್ಡ್ ಕೊಡಬೇಡಿ. ಹಡಗಿನವರು ಮುಂಗಡವಾಗಿ ತಡೆಹಿಡಿಯುವ ಮೊತ್ತ ಪ್ರವಾಸ ಮುಗಿದು ದಿನಗಳಾದರೂ ಬಿಡುಗಡೆಯಾಗದೆ, ಕಾರ್ಡ್‌ನಲ್ಲಿ ಹಣವಿದ್ದೂ ಇಲ್ಲದಂತಾಗುತ್ತದೆ. ಕ್ರೆಡಿಟ್ ಕಾರ್ಡ್ ಆದರೆ ಮಿತಿ ಮಾತ್ರ ಕಡಿಮೆಯಾಗುತ್ತದೆ. ಬಿಲ್ ರೂಪಾಯಿಯಲ್ಲಿ ಬೇಕೇ ಎಂದು ಕೇಳಿದರೆ ಡಾಲರ್‌ನಲ್ಲೇ ಎನ್ನಿ. ಮೊಬೈಲನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟು ವೈಫೈ ಮಾತ್ರ ಬಳಸಿ. ಅಮೆರಿಕಕ್ಕೆಂದು ಕೊಂಡ ರೋಮಿಂಗ್ ಪ್ಯಾಕ್ ಹಡಗಿನ ಉಪಗ್ರಹ ಜಾಲಕ್ಕೆ ಅನ್ವಯಿಸುವುದು ಅಪರೂಪ.

ಇಷ್ಟೆಲ್ಲ ಮಾಡಿಯೂ ಗಾಳಿ ಜೋರಾದರೆ ದ್ವೀಪವೇ ತಪ್ಪಬಹುದು, ಚಳಿಗಾಲದಲ್ಲಿ ಇದು ಹೆಚ್ಚು. ಆಗ ಕಂಪನಿಯ ಮೂಲಕವೇ ಕೊಂಡ ವಾಟರ್ ಪಾರ್ಕ್, ಕಬಾನಾಗಳ (ತೀರದಲ್ಲಿ ಬಾಡಿಗೆಗೆ ಸಿಗುವ ನೆರಳಿನ ಗುಡಿಸಲು) ಹಣ ವಾಪಸ್ ಬರುತ್ತದೆ. ಪ್ರಯಾಣ ದರದಲ್ಲಿ ಕಾಸೂ ಬರುವುದಿಲ್ಲ. ಮಾರ್ಗ ಬದಲಿಸುವ ಹಕ್ಕನ್ನು ಟಿಕೆಟ್ಟಿನ ಕರಾರಿನಲ್ಲೇ ಕಂಪನಿ ಇಟ್ಟುಕೊಂಡಿರುತ್ತದೆ.

ಇನ್ನು ನಮ್ಮ ಕಡೆಯ ಮಾತು. ಬಹಾಮಾಸ್‌ನಲ್ಲಿ ಯಾವ ದರ ಇಡಬೇಕೆಂದು ನಾವು ಹೇಳಲಾಗದು, ಆದರೆ ಜಾಹೀರಾತು ಅಚ್ಚಾಗುವುದು ಇಲ್ಲಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಷರತ್ತಿನ ಟಿಪ್ಪಣಿ ಜಾಹೀರಾತಿನ ಮಾತು ಇರುವ ಭಾಷೆಯಲ್ಲೇ ಇರಬೇಕು. ‘ಎಲ್ಲವೂ ಸೇರಿ’ ಎಂಬುದು ಕನ್ನಡದಲ್ಲಿದ್ದು, ‘ದ್ವೀಪದಲ್ಲಿ ಅನ್ವಯಿಸದು’ ಎಂಬುದು ಇಂಗ್ಲಿಷಿನಲ್ಲಿದ್ದರೆ ಆ ನಿಯಮ ಮುರಿದಂತೆಯೇ. ಬೆಲೆಯನ್ನು ಕಂತುಕಂತಾಗಿ ಬಯಲು ಮಾಡುವ ಆನ್‌ಲೈನ್ ಚಾಳಿಯನ್ನು 2023ರ ನವೆಂಬರ್‌ನ ಇನ್ನೊಂದು ಮಾರ್ಗಸೂಚಿ ವಂಚಕ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ; ಆದರೆ ಬಾಯಿಮಾತಿನ ಭರವಸೆಗೆ ಅಲ್ಲಿ ಬೆಲೆ ಕಡಿಮೆ. ಹಾಗಾಗಿ ಮುಂಗಡ ಕೊಡುವ ಮುಂಚೆ ಏಜೆಂಟರಿಗೆ ಇ–ಮೇಲ್‌ನಲ್ಲೇ ಕೇಳಿ: ದ್ವೀಪದ ಹೆಸರೇನು? ನನ್ನ ಪ್ರಯಾಣದ ದಿನ ಪಾನೀಯ ಪ್ಯಾಕೇಜ್ ಅಲ್ಲಿ ನಡೆಯುತ್ತದೆಯೇ? ಎಷ್ಟು ಊಟ ಸೇರಿದೆ? ಟಿಪ್ಸ್, ತೆರಿಗೆ ನೀವು ಹೇಳಿದ ಮೊತ್ತದೊಳಗಿವೆಯೇ? ಹಡಗು ನಿಲ್ಲುವುದು ಕಟ್ಟೆಯಲ್ಲೋ, ಕಡಲಲ್ಲೋ?

ತಮ್ಮ ಜಾಹೀರಾತು ವಿಭಾಗದವರೂ ಇಂಥ ಪ್ಯಾಕೇಜ್‌ನ ಜಾಹೀರಾತು ಬಂದಾಗ ಈ ಐದಕ್ಕೆ ಉತ್ತರ ಕೇಳಿ, ಬೆಲೆಯ ಪಕ್ಕದಲ್ಲೇ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿಸಬೇಕೆಂದು ಕೋರಿಕೆ.

— ಒಬ್ಬ ಓದುಗ, ಬೆಂಗಳೂರು